ಹಳದಿ ಪಟ್ಟಿ ಅಂಟಿಸಿದ ಬಾಗಿಲು

ಆ ಹಡಗಿನಲ್ಲಿ ಬಾಗಿಲ ಮೇಲೆ ಹಳದಿ ಪಟ್ಟಿ ಇದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ. ಅಂಗೈ ಅಗಲದ, ಮೊಳದುದ್ದದ, ಕತ್ತಲಲ್ಲೂ ಮಂಕಾಗಿ ಹೊಳೆಯುವ ಪಟ್ಟಿ. ಅಪಾಯದ ಗಂಟೆ ಹೊಡೆದ ಕೂಡಲೇ ಕೋಣೆಗಳನ್ನು ನೋಡಿಕೊಳ್ಳುವ ಕೆಲಸದವರು ತಮ್ಮ ತಮ್ಮ ಓಣಿಗೆ ಓಡಬೇಕು. ಒಂದೊಂದೇ ಬಾಗಿಲು ತಟ್ಟಿ, ತೆರೆದು, ಹಾಸಿಗೆ, ಬಚ್ಚಲು, ಬಟ್ಟೆ ಕಪಾಟು ನೋಡಿ, ಇದ್ದವರನ್ನು ಹೊರಡಿಸಿ, ಬಾಗಿಲು ಎಳೆದುಕೊಂಡು, ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಪಟ್ಟಿಯನ್ನು ಅಡ್ಡಕ್ಕೆ ಅಂಟಿಸಬೇಕು. ಆಮೇಲೆ ಬರುವ ಬೆಂಕಿ ಆರಿಸುವ ತಂಡ ಪಟ್ಟಿ ಇರುವ ಬಾಗಿಲ ಮುಂದೆ ನಿಲ್ಲುವುದಿಲ್ಲ. ನಿಲ್ಲಬಾರದು ಎಂದೇ ನಿಯಮ. ಹೊಗೆಯಲ್ಲಿ ಅವರಿಗೆ ಇರುವುದು ಬೆನ್ನ ಮೇಲಿನ ಸಿಲಿಂಡರಿನಷ್ಟು ಉಸಿರು. ಖಾಲಿ ಕೋಣೆಗೆ ಅದನ್ನು ಖರ್ಚು ಮಾಡುವಂತಿಲ್ಲ.

ಆ ಪಟ್ಟಿಯ ಸುರುಳಿಯನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಓಡಾಡಿದವಳು ದೊಡ್ಡಕ್ಕ. ಮನೆಯಲ್ಲಿ ಆಕೆಗೆ ಒಬ್ಬಳೇ ತಂಗಿ. ಹಡಗಿನಲ್ಲಿ ಮಾತ್ರ ಅಡುಗೆಯವರಿಂದ ಹಿಡಿದು ವಾದ್ಯದವರವರೆಗೆ ಎಲ್ಲರಿಗೂ ಆಕೆ ದೊಡ್ಡಕ್ಕನೇ. ಮೊದಲು ಆಸ್ಪತ್ರೆಯೊಂದರ ಬಟ್ಟೆ ಉಗ್ರಾಣದಲ್ಲಿ ಇದ್ದಳು. ಅಲ್ಲಿ ಹಾಸಿಗೆಯ ಮೂಲೆ ಮಡಿಸುವುದನ್ನು ಕಲಿತ ಕೈ ಹಡಗಿನಲ್ಲಿ ಅನ್ನಕ್ಕೆ ದಾರಿಯಾಯಿತು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನಾವು ಮಲಗೋ ಬಂಕ್ ನೋಡಿದೀರಾ? ಒಬ್ಬಳು ಮಗ್ಗುಲು ಬದಲಿಸಬೇಕಾದ್ರೆ ಎದ್ದು ಹೊರಗೆ ಹೋಗಿ ತಿರುಗಿ ಬರಬೇಕು. ಇನ್ನು ಗಂಡನ್ನ ಎಲ್ಲಿ ಹಾಸೋದು?" ಎನ್ನುತ್ತಿದ್ದಳು.

ಕೆಲಸದವರ ಕೋಣೆಗಳು ಹಡಗಿನ ಕೆಳಗಿನ ಅಂತಸ್ತಿನಲ್ಲಿ, ನೀರಿನ ಮಟ್ಟದ ಹತ್ತಿರ. ಅಲ್ಲಿ ಕಿಟಕಿ ಇಲ್ಲ. ಗೋಡೆಗೆ ಕಿವಿ ಇಟ್ಟರೆ ಎಂಜಿನ್ನಿನ ಗುಂಯ್ ಸದ್ದು, ಅದರಾಚೆ ಕಬ್ಬಿಣವನ್ನು ಉಜ್ಜಿಕೊಂಡು ಹೋಗುವ ನೀರಿನ ಸದ್ದು. ಮೇಲೆ ಪ್ರಯಾಣಿಕರ ಓಣಿಗಳಲ್ಲಿ ಈ ಸದ್ದು ಕೇಳಿಸುವುದಿಲ್ಲ. ದಪ್ಪ ನೆಲಹಾಸು, ಹಿತ್ತಾಳೆ ಹಿಡಿಗಳು, ಎರಡೂ ಕಡೆ ಒಂದೇ ಬಣ್ಣದ ಬಾಗಿಲುಗಳು. ಓಣಿಯ ಒಂದು ತುದಿಯಲ್ಲಿ ನಿಂತು ನೋಡಿದರೆ ಇನ್ನೊಂದು ತುದಿ ಸಣ್ಣಗೆ ಕಾಣುತ್ತದೆ. ಹೊಸದಾಗಿ ಬಂದ ಪ್ರಯಾಣಿಕರು ಎರಡು ದಿನ ತಮ್ಮ ಕೋಣೆ ಸಿಗದೆ ಪಕ್ಕದವರ ಬಾಗಿಲು ತಳ್ಳುತ್ತಾರೆ. "ಇದೇನಮ್ಮ, ಹಡಗೋ ಹಾವಿನ ಹೊಟ್ಟೆಯೋ?" ಎಂದು ಒಬ್ಬ ಮುದುಕಿ ದೊಡ್ಡಕ್ಕನನ್ನು ಕೇಳಿದ್ದಳಂತೆ.

ಹಡಗು ಊರೊಂದರ ಬಂದರಿನಲ್ಲಿ ನಿಂತು, ಪ್ರಯಾಣಿಕರೆಲ್ಲ ಊರು ನೋಡಲು ಇಳಿದಾಗ ಕೆಲಸದವರಿಗೆ ಡ್ರಿಲ್, ಅಂದರೆ ಅಪಾಯ ಬಂದಂತೆ ಮಾಡಿ ನೋಡುವ ಅಭ್ಯಾಸ. ಹೊತ್ತು ಅಳೆಯಲು ಸುರಕ್ಷತಾ ಅಧಿಕಾರಿ ಗಡಿಯಾರ ಹಿಡಿದು ನಿಲ್ಲುತ್ತಾರೆ. ಯಾರ ಓಣಿ ಮೊದಲು ಮುಗಿಯುತ್ತದೋ ಅವರಿಗೆ ಸಂಜೆ ಊಟದ ಮನೆಯಲ್ಲಿ ಕೇಕು, ಚಪ್ಪಾಳೆ, ಗೋಡೆಯ ಮೇಲೆ ಫೋಟೊ. ಪ್ರಯಾಣಿಕರು ಇಳಿದುಹೋಗಿದ್ದನ್ನು ಎಲ್ಲರೂ ಕಣ್ಣಾರೆ ನೋಡಿರುತ್ತಾರೆ. ಖಾಲಿ ಎಂದು ಗೊತ್ತಿರುವ ಕೋಣೆಯ ಬಾಗಿಲು ತೆರೆದು ಕಪಾಟಿನೊಳಗೆ ಇಣುಕುವುದು ಯಾರಿಗೆ ಬೇಕು? ಮೊದಲು ಯಾರೋ ಕಪಾಟು ನೋಡುವುದನ್ನು ಬಿಟ್ಟರು. ಆಮೇಲೆ ಬಚ್ಚಲು ಬಿಟ್ಟರು. ಕೊನೆಗೆ ಬಾಗಿಲು ತೆರೆಯುವುದನ್ನೇ ಬಿಟ್ಟರು. ಅಂಗೈಯಿಂದ ಬಾಗಿಲಿಗೆ ಒಂದು ಏಟು, ಪಟ್ಟಿ, ಮುಂದಿನ ಬಾಗಿಲು. ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಮೇಲಿನವರು ಕಂಡೂ ಕಾಣದ ಹಾಗಿದ್ದರು, ಯಾಕೆಂದರೆ ಹೊತ್ತು ಪ್ರತಿ ಸಲ ಕಡಿಮೆಯಾಗುತ್ತಿತ್ತು, ಮತ್ತು ಕಡಿಮೆ ಹೊತ್ತು ನೋಡಲು ಚೆನ್ನಾಗಿರುತ್ತದೆ.

ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವನು ದೊಡ್ಡಕ್ಕನ ಮೇಲಿನ ಅಂತಸ್ತಿನ ಓಣಿಯವನು. ಎರಡು ಮಕ್ಕಳ ತಂದೆ, ತೋರ ದೇಹ, ಸ್ವಲ್ಪ ಹೊಟ್ಟೆ. ಆದರೂ ಎಲ್ಲರೂ ಅವನನ್ನು ಮಿಂಚು ಎಂದು ಕರೆಯುತ್ತಿದ್ದರು. ಗೋಡೆಯ ಮೇಲೆ ಸಾಲಾಗಿ ಅವನದೇ ಫೋಟೊ.

"ನಿನ್ನ ಮೈ ನೋಡಿದ್ರೆ ಮಿಂಚಲ್ಲ ಕಣೋ, ಗುಡುಗು," ಎಂದು ದೊಡ್ಡಕ್ಕ ಕಾಡಿಸುತ್ತಿದ್ದಳು.

"ಗುಡುಗು ತಡವಾಗಿ ಬರತ್ತೆ ಅಕ್ಕ. ನಾನು ತಡ ಮಾಡಿದ್ದು ಯಾವತ್ತಾದ್ರೂ ನೋಡಿದೀರಾ?"

"ಹಾಗಂತ ಬಾಗಿಲಿಗೆ ಕೆನ್ನೆಗೆ ಹೊಡೆದಂಗೆ ಹೊಡೀಬೇಡ. ಒಳಗಿರೋರು ಬೆಚ್ಚಿಬೀಳ್ತಾರೆ."

"ಒಳಗೆ ಯಾರಿರ್ತಾರೆ, ಬಿಡಿ."

ದೊಡ್ಡಕ್ಕನೂ ಡ್ರಿಲ್ಲಿನಲ್ಲಿ ಮಾಡುತ್ತಿದ್ದುದು ಅದನ್ನೇ. ಅವನಷ್ಟು ಬೇಗ ಆಗುತ್ತಿರಲಿಲ್ಲ, ಅಷ್ಟೇ.

ಆಕೆಯ ಅಪ್ಪ, ಹಡಗು ಹೊರಡುವ ಬಂದರಿನ ಊರಿನಲ್ಲೇ, ತಂಗಿಯ ಮನೆಯಲ್ಲಿದ್ದರು. ಜೀವಮಾನವಿಡೀ ಬಸ್ ಕಂಡಕ್ಟರ್. ಎಡ ಮೊಣಕಾಲು ಸವೆದು, ಕೋಲು ಹಿಡಿದು ನಡೆಯುತ್ತಿದ್ದರು. ಆದರೂ ದನಿ ಮಾತ್ರ ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಮುಟ್ಟುವಂಥದು. ಮನೆಯಲ್ಲಿ ಮೊಮ್ಮಕ್ಕಳು ಊಟದಿಂದ ಏಳಬೇಕಾದರೂ ಅವರು "ರೈಟ್" ಎನ್ನಬೇಕು. ಬಸ್ಸು ಪೂರ್ತಿ ನಿಲ್ಲುವ ಮೊದಲು ಇಳಿಯುವವರನ್ನು ಕಂಡರೆ ಅವರಿಗೆ ಇವತ್ತಿಗೂ ಮೈ ಉರಿಯುತ್ತದೆ. "ಹೇಳೋವರೆಗೂ ಕೂತಿದ್ದವನು ಯಾವತ್ತೂ ಸತ್ತಿಲ್ಲ. ಸತ್ತವರೆಲ್ಲ ಅವಸರದವರೇ," ಎಂಬುದು ಅವರ ಅನುಭವದ ಮಾತು.

ಕೆಲಸದವರ ಮನೆಯವರಿಗೆ ಕಂಪನಿ ವರ್ಷಕ್ಕೊಮ್ಮೆ ಪ್ರಯಾಣದ ಅವಕಾಶ ಕೊಡುತ್ತದೆ. ದೊಡ್ಡಕ್ಕ ಅಪ್ಪನನ್ನು ಕರೆದಳು. ಬರಲಿಕ್ಕೆ ಒಪ್ಪಿದ ಅಪ್ಪ ಒಂದು ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ನಡೆಯಲು ಕಷ್ಟ ಇರುವವರು ಮೊದಲೇ ತಿಳಿಸಿದರೆ, ಅಪಾಯದ ಹೊತ್ತಿನಲ್ಲಿ ಇಬ್ಬರು ಹೊತ್ತಿಳಿಸುವ ಕುರ್ಚಿ ತಂದು ಕೋಣೆಯಿಂದಲೇ ಕರೆದೊಯ್ಯುತ್ತಾರೆ. ಅದನ್ನು ಹೇಳಿದಾಗ ಅಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು.

"ನಾನೇನು ಮುರುಕಲು ಮೇಜಾ, ಇಬ್ಬರು ಹೊತ್ಕೊಂಡು ಹೋಗೋಕೆ?"

"ಅಪ್ಪಾ, ಅದು ಎಲ್ಲರಿಗೂ ಇರೋ ಸೌಲಭ್ಯ."

"ಎಲ್ಲರಿಗೂ ಕೊಡು. ನನಗೆ ಬೇಡ. ನಿನ್ನ ಹಡಗಿನವರ ಮುಂದೆ ನನ್ನ ಕುಂಟ ಅಂತ ಬರೆಸ್ತೀಯಾ?"

ಆಕೆ ಬರೆಸಲಿಲ್ಲ. ನೆಂಟರನ್ನು ಸ್ವಂತ ಓಣಿಯಲ್ಲಿ ಇರಿಸಿಕೊಳ್ಳಲು ಬಿಡುವುದಿಲ್ಲವಾದ್ದರಿಂದ ಅಪ್ಪನಿಗೆ ಕೋಣೆ ಸಿಕ್ಕಿದ್ದು ಮಿಂಚುವಿನ ಓಣಿಯಲ್ಲಿ, ನಡುಮಧ್ಯದಲ್ಲಿ.

ಹೊರಡುವ ಮೊದಲು ಪ್ರಯಾಣಿಕರಿಗೂ ಒಂದು ಡ್ರಿಲ್ ಇರುತ್ತದೆ. ಎಲ್ಲರೂ ಮೆಟ್ಟಿಲಿಳಿದು, ಜೀವ ಉಳಿಸುವ ದೋಣಿಗಳಿರುವ ಅಂತಸ್ತಿಗೆ ಬರಬೇಕು. ಅಪ್ಪ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ಇಳಿದರು. ಹಿಂದಿನವರು ಮೊದಲು ಸಹಿಸಿಕೊಂಡರು, ಆಮೇಲೆ ಗೊಣಗಿದರು, ಆಮೇಲೆ ಅವರ ಎರಡೂ ಪಕ್ಕದಿಂದ ಒತ್ತಿಕೊಂಡು ಮುಂದೆ ಹೋದರು. ಒಬ್ಬನ ಚೀಲ ತಗುಲಿ ಕೋಲು ಜಾರಿ ಕೆಳಗಿನ ತಿರುವಿಗೆ ಬಿತ್ತು. ಅಪ್ಪ ಕಂಬಿ ಹಿಡಿದು ನಿಂತೇ ಇದ್ದರು. ಅದು ಬರೀ ಅಭ್ಯಾಸ, ಯಾರಿಗೂ ಹೆದರಿಕೆ ಇರಲಿಲ್ಲ, ಮೇಲೆ ಸಂಗೀತ ನಡೆಯುತ್ತಿತ್ತು. ಆದರೂ ಹಾಗಾಯಿತು.

ದೊಡ್ಡಕ್ಕ ಅವತ್ತೇ ತೀರ್ಮಾನ ಮಾಡಿದಳು. ಅಪ್ಪನನ್ನು ಕೋಣೆಗೆ ಬಿಟ್ಟು, ಮಂಚದ ಪಕ್ಕದ ಕುರ್ಚಿ ತೋರಿಸಿ ಹೇಳಿದಳು:

"ಏನಾದ್ರೂ ಆದ್ರೆ ನೀನು ಆ ಮೆಟ್ಟಿಲಿಗೆ ಹೋಗ್ಬೇಡ. ಜನ ತುಳಿದುಬಿಡ್ತಾರೆ. ಲೈಫ್ ಜಾಕೆಟ್ ಹಾಕ್ಕೊಂಡು ಇಲ್ಲಿ ಕೂತಿರು. ನಮ್ಮೋರು ಬಂದು ಬಾಗಿಲು ತೆಗೀತಾರೆ. ಬಂದೇ ಬರ್ತಾರೆ. ಅವರು ಹೇಳಿದ ಮೇಲೆ ಏಳು."

"ಅವರು ರೈಟ್ ಅನ್ನಬೇಕು ಅನ್ನು."

"ಹೂಂ, ಹಾಗೇ ಅಂದ್ಕೋ."

ಕೆಳಗೆ ಹೋಗಿ ಮಿಂಚುವಿಗೂ ಹೇಳಿದಳು. "ಆ ಕೋಣೇಲಿ ನಮ್ಮಪ್ಪ ಇದಾರೆ. ಅಪ್ಪಿತಪ್ಪಿ ಏನಾದ್ರೂ ಆದ್ರೆ ಅವರಿಗೊಂದು ಕೈ ಕೊಡು."

"ಹೇಳಬೇಕಾ ಅಕ್ಕ? ನಿಮ್ಮಪ್ಪ ಅಂದ್ರೆ ನಮ್ಮಪ್ಪ ಇದ್ದ ಹಾಗೆ. ಹೆಗಲ ಮೇಲೆ ಕೂರಿಸ್ಕೊಂಡು ಬರ್ತೀನಿ."

ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ಆ ವಿಷಯದಲ್ಲಿ ದೊಡ್ಡಕ್ಕನಿಗೆ ಇವತ್ತಿಗೂ ಅನುಮಾನವಿಲ್ಲ.

ಪ್ರಯಾಣದ ಮಧ್ಯದಲ್ಲಿ ಒಂದು ಮಧ್ಯಾಹ್ನ, ಊಟ ಮುಗಿಸಿ ಜನ ಅಡ್ಡಾಗಿದ್ದ ಹೊತ್ತು. ಸುತ್ತ ನೆಲ ಕಾಣುತ್ತಿರಲಿಲ್ಲ. ಕಡಲು ಎಣ್ಣೆ ಸವರಿದಂತೆ ಅಲುಗಾಡದೆ ಬಿದ್ದಿತ್ತು. ದೊಡ್ಡಕ್ಕ ತನ್ನ ಓಣಿಯಲ್ಲಿ ಟವಲು ಗಾಡಿ ತಳ್ಳುತ್ತಿದ್ದಾಗ ಮೊದಲು ಬಂದದ್ದು ವಾಸನೆ. ಇಸ್ತ್ರಿ ಮರೆತ ಬಟ್ಟೆಯ ವಾಸನೆ. ಮನೆಯಲ್ಲಾದರೆ ಯಾರಾದರೂ ಅಡುಗೆಮನೆಯಿಂದ ಕೂಗಿ ಓಡಿ ಬರುತ್ತಾರೆ. ಅಲ್ಲಿ ಯಾರೂ ಕೂಗಲಿಲ್ಲ. ಗೋಡೆಯ ಮೇಲ್ಭಾಗದ ಗಾಳಿಕಿಂಡಿಯಿಂದ ಬೂದು ನೂಲಿನಂಥದ್ದು ಇಳಿದು, ಚಾವಣಿಗೆ ಅಂಟಿಕೊಂಡು, ಓಣಿಯ ಉದ್ದಕ್ಕೆ ಹರಿಯತೊಡಗಿತು. ಕೆಳಗಿನ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರದ ಕೊಳವೆಯಲ್ಲಿ ಕೂಡಿಕೊಂಡಿದ್ದ ಬಟ್ಟೆಯ ಜುಂಗು ಹತ್ತಿಕೊಂಡಿತ್ತು. ಅದು ಗೊತ್ತಾದದ್ದು ಆಮೇಲೆ.

ಗಂಟೆ ಹೊಡೆಯಿತು. ಲಿಫ್ಟುಗಳು ನಿಂತವು. ದೀಪಗಳು ಮಂಕಾಗಿ, ನೆಲದ ಅಂಚಿನ ಸಣ್ಣ ದೀಪಗಳು ಮಾತ್ರ ಉಳಿದವು.

ದೊಡ್ಡಕ್ಕನ ಕೈ ಸೊಂಟದ ಚೀಲಕ್ಕೆ ಹೋಯಿತು. ಮೊದಲ ಬಾಗಿಲಿಗೆ ಅಂಗೈಯ ಏಟು, ಪಟ್ಟಿ. ಎರಡನೆಯದಕ್ಕೆ ಏಟು, ಪಟ್ಟಿ. ಮೂರನೆಯದರ ಕಡೆ ಕಾಲು ಎತ್ತಿದವಳಿಗೆ ಹಿಂದಿನಿಂದ, ಆಗ ತಾನೇ ಪಟ್ಟಿ ಅಂಟಿಸಿದ ಬಾಗಿಲ ಒಳಗಿಂದ, ಯಾರೋ ಹಾಡು ಗುನುಗುವುದು ಕೇಳಿಸಿತು.

ಆಕೆ ತಿರುಗಿ ಬಂದು ಬಾಗಿಲು ತೆರೆದಳು. ಬಚ್ಚಲಿನಿಂದ ನೀರಿನ ಸದ್ದು. ಅದರ ಬಾಗಿಲು ಬಡಿದಾಗ ತಲೆ ತುಂಬಾ ಸೋಪು ಹಚ್ಚಿಕೊಂಡ ಗಂಡಸು ಇಣುಕಿ, "ಏನ್ರೀ ಇದು, ಸ್ನಾನ ಮಾಡೋಕೂ ಬಿಡಲ್ವಾ?" ಎಂದು ರೇಗಿದ. ಅವನಿಗೆ ಟವಲು ಸುತ್ತಿಸಿ, ಜಾಕೆಟ್ ಹಾಕಿಸಿ ಹೊರಗೆ ತಳ್ಳಿದಳು. ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ತಾನು ಹೇಳದೆಯೇ ಅದು ಕೆಲಸ ಮಾಡಿ ಮುಗಿಸಿತ್ತು. ಮೊದಲ ಬಾಗಿಲಿಗೂ ಹಿಂತಿರುಗಿ, ಪಟ್ಟಿ ಕಿತ್ತು, ತೆರೆದು ನೋಡಿದಳು. ಅದು ಖಾಲಿ. ಅಲ್ಲಿಂದ ಮುಂದೆ ಒಂದು ಬಾಗಿಲನ್ನೂ ಆಕೆ ತೆರೆಯದೆ ಬಿಡಲಿಲ್ಲ.

ಓಣಿ ಮುಗಿದ ಮೇಲೆ ಆಕೆಯ ಜಾಗ ಮೆಟ್ಟಿಲಿನ ತಿರುವು. ಅಲ್ಲಿಂದ ಒಂದು ಬಾಗಿಲು ದೋಣಿಗಳ ಕಡೆಗೆ, ಇನ್ನೊಂದು ಲಾಂಡ್ರಿಯ ಮೇಲಿನ ಓಣಿಗೆ. ಎರಡೂ ನೋಡಲು ಒಂದೇ ಥರ. ದೀಪದ ಕೋಲು ಹಿಡಿದು ಜನರನ್ನು ಬಲಕ್ಕೆ ತಿರುಗಿಸುತ್ತಿರುವುದು ಆಕೆಯ ಕೆಲಸ. ಎಡಕ್ಕೆ ಹೋದವರು ಹೊಗೆಯೊಳಗೆ ಹೋಗುತ್ತಾರೆ. ಜಾಗ ಬಿಟ್ಟು ಅಲುಗಾಡುವಂತಿಲ್ಲ.

ಜನ ಇಳಿಯುತ್ತಿದ್ದರು. ಓಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಚಪ್ಪಲಿಗಳ ಸದ್ದು, ಜಾಕೆಟ್‌ಗಳ ಸರಬರ, ಯಾವುದೋ ಮಗುವಿನ ಒಂದೇ ಪ್ರಶ್ನೆ: "ಅಮ್ಮಾ, ಹಡಗು ಮುಳುಗತ್ತಾ? ಅಮ್ಮಾ, ಮುಳುಗತ್ತಾ?" ದೊಡ್ಡಕ್ಕ "ಬಲಕ್ಕೆ ಬನ್ನಿ, ಬಲಕ್ಕೆ, ನಿಧಾನ" ಎನ್ನುತ್ತ ಬಂದವರ ಮುಖ ನೋಡುತ್ತಿದ್ದಳು. ಅಪ್ಪನ ಎದುರು ಕೋಣೆಯ ದಂಪತಿ ಬಂದರು. ಪಕ್ಕದ ಕೋಣೆಯ ಅಕ್ಕತಂಗಿಯರು ಬಂದರು. ಕುರ್ಚಿ ತಂಡದವರು ಬೇರೆ ಯಾರನ್ನೋ ಹೊತ್ತು ಇಳಿಸಿದರು. ಅಪ್ಪನ ಕೋಲಿನ ಸದ್ದು ಮಾತ್ರ ಬರಲಿಲ್ಲ.

ಬಂದವನು ಮಿಂಚು. ಬೆವರಿಳಿಯುತ್ತಿತ್ತು. ಹೆಬ್ಬೆರಳೆತ್ತಿ ತೋರಿಸಿದ. "ನನ್ನ ಓಣಿ ಮುಗೀತು ಅಕ್ಕ. ಎಲ್ಲರಿಗಿಂತ ಮೊದಲು."

"ಅಪ್ಪ ಎಲ್ಲಿ?"

"ಬಂದಿರ್ತಾರೆ. ಮುಂದೆ ಹೋಗಿರ್ತಾರೆ."

"ನನ್ನ ಮುಂದೆ ಹಾಯ್ದೇ ಹೋಗಬೇಕು. ಬಂದಿಲ್ಲ. ಆ ಬಾಗಿಲು ತೆಗೆದೆಯಾ?"

"ಪಟ್ಟಿ ಅಂಟಿಸಿದೀನಿ."

"ನಾನು ಕೇಳಿದ್ದು ಅದಲ್ಲ."

ಮಿಂಚು ಮನಸ್ಸಿನಲ್ಲೇ ತನ್ನ ಓಣಿಯ ಉದ್ದಕ್ಕೂ ಬಾಗಿಲಿಂದ ಬಾಗಿಲಿಗೆ ಹಿಂದಕ್ಕೆ ಓಡುತ್ತಿರುವುದು ಆಕೆಗೆ ಕಂಡಿತು.

"ಗೊತ್ತಾಗ್ತಿಲ್ಲ ಅಕ್ಕ," ಎಂದ. "ಯಾವುದು ತೆಗೆದೆ, ಯಾವುದು ಇಲ್ಲ ಅಂತ ಗೊತ್ತಾಗ್ತಾನೇ ಇಲ್ಲ. ಶುರುನಲ್ಲಿ ತೆಗೆದೆ. ಹೊಗೆ ಬಂತು. ಆಮೇಲೆ ಕೈ ತಾನಾಗೇ..."

ಆಕೆ ದೀಪದ ಕೋಲನ್ನು ಅವನ ಕೈಗೆ ತುರುಕಿದಳು. "ಇಲ್ಲಿ ನಿಲ್ಲು. ಒಬ್ಬರನ್ನೂ ಎಡಕ್ಕೆ ಬಿಡಬೇಡ. ಒಬ್ಬರನ್ನೂ."

ಜನ ಇಳಿಯುವ ಮೆಟ್ಟಿಲಿನಲ್ಲಿ ಆಕೆ ಗೋಡೆಗೆ ಮೈ ಉಜ್ಜಿಕೊಂಡು ಮೇಲೆ ಹತ್ತಿದಳು. ಮೇಲಿನ ಓಣಿಯಲ್ಲಿ ಯಾರೂ ಇರಲಿಲ್ಲ. ಹೊಗೆ ತಲೆಯ ಮಟ್ಟಕ್ಕೆ ಇಳಿದಿತ್ತು. ಬಗ್ಗಿ ನಡೆಯಬೇಕಾಯಿತು. ಎರಡೂ ಕಡೆ ಬಾಗಿಲುಗಳ ಮೇಲೆ ಹಳದಿ ಪಟ್ಟಿಗಳು, ಒಂದೇ ಎತ್ತರದಲ್ಲಿ, ಒಂದೂ ಸೊಟ್ಟಗಿಲ್ಲದೆ, ದೂರದವರೆಗೆ ಮಂಕಾಗಿ ಹೊಳೆಯುತ್ತಿದ್ದವು. ಅಷ್ಟು ಅಚ್ಚುಕಟ್ಟಾಗಿ ಮುಗಿದ ಓಣಿಯನ್ನು ಆಕೆ ಯಾವ ಡ್ರಿಲ್ಲಿನಲ್ಲೂ ನೋಡಿರಲಿಲ್ಲ. ಅಪ್ಪನ ಬಾಗಿಲಿಗೂ ಪಟ್ಟಿ ಇತ್ತು.

ಎಲ್ಲ ಕೋಣೆಗಳನ್ನೂ ತೆರೆಯುವ ಮಾಸ್ಟರ್ ಕಾರ್ಡ್ ಹಾಕಿ ಬಾಗಿಲು ತಳ್ಳಿದಳು. ಪಟ್ಟಿ ಚೌಕಟ್ಟಿನಿಂದ ಕಿತ್ತುಕೊಂಡು ಬಂತು.

ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಜಾಕೆಟ್ಟಿನ ಎಲ್ಲ ಬೆಲ್ಟುಗಳನ್ನೂ ಸರಿಯಾಗಿ ಕಟ್ಟಿಕೊಂಡಿದ್ದರು. ಬೂಟು ಹಾಕಿದ್ದರು. ತೊಡೆಯ ಮೇಲೆ ಕೈಚೀಲ, ಬಾಯಿಗೆ ಒದ್ದೆ ಕರವಸ್ತ್ರ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು.

"ಯಾರೋ ಬಾಗಿಲಿಗೆ ಬಡಿದರು," ಎಂದರು. "ಬನ್ನಿ ಒಳಗೆ ಅಂದೆ. ಬರಲೇ ಇಲ್ಲ. ನೀನು ಕೂತಿರು ಅಂದಿದ್ಯಲ್ಲ, ಕೂತೆ."

"ಏಳಪ್ಪ. ಏಳು."

ಅಪ್ಪನ ತೋಳನ್ನು ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದಳು. ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಈ ಬಾಗಿಲಿನ ಹಿಂದೆ ಅಪ್ಪ ಇದ್ದರು. ಉಳಿದ ಬಾಗಿಲುಗಳ ಹಿಂದೆ? ಎಲ್ಲವನ್ನೂ ತೆರೆದು ನೋಡಲು ಹೊತ್ತಿರಲಿಲ್ಲ, ಅಪ್ಪ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಕೂಗಿದಳು. ಗಂಟೆಯ ಸದ್ದಿನಲ್ಲಿ ಆಕೆಯ ಕೂಗು ಆಕೆಗೇ ಕೇಳಿಸಲಿಲ್ಲ. ತಂಡದವರು ಬಂದರೆ ಈ ಓಣಿಯನ್ನು ಒಮ್ಮೆ ನೋಡಿ, ಹಳದಿ ಕಂಡು, ದಾಟಿಕೊಂಡು ಹೋಗುತ್ತಾರೆ.

ಆಕೆ ಕೈಗೆ ಸಿಕ್ಕ ಪಟ್ಟಿಯನ್ನೆಲ್ಲ ಕಿತ್ತಳು.

ಒಂದು ಕೈಯಲ್ಲಿ ಅಪ್ಪ, ಇನ್ನೊಂದು ಕೈಯಲ್ಲಿ ಬಾಗಿಲು. ಎಡಗಡೆಯ ಪಟ್ಟಿ ಆಕೆ ಎಳೆದಳು. ಬಲಗಡೆಯದನ್ನು ಅಪ್ಪನಿಗೆ ಹೇಳಿದಳು. "ಯಾಕಮ್ಮ?" ಎಂದು ಅವರು ಕೇಳಿದರು. "ಆಮೇಲೆ ಹೇಳ್ತೀನಿ, ಎಳಿ," ಎಂದಳು. ಕಂಡಕ್ಟರ್ ಮತ್ತೆ ಕೇಳದೆ ಕೋಲಿನ ತುದಿಯಿಂದ ಗೀರಿ ಎಳೆಯುತ್ತ ಬಂದರು. ಮೆಟ್ಟಿಲು ಸಿಗುವವರೆಗೆ ಇಬ್ಬರೂ ಹಾಗೇ ಬಂದರು. ಹಿಂದೆ ಆ ಓಣಿಯ ಅರ್ಧಭಾಗದ ಬಾಗಿಲುಗಳು ಬರಿದಾಗಿದ್ದವು. ಮೆಟ್ಟಿಲಲ್ಲಿ ಎದುರು ಬಂದ ತಂಡದ ನಾಯಕನಿಗೆ, "ಈ ಓಣಿ ಯಾರೂ ನೋಡಿಲ್ಲ. ಎಲ್ಲ ತೆಗೀರಿ," ಎಂದಳು. ಅವನ ಮುಖವಾಡದ ಗಾಜಿನ ಹಿಂದೆ ಕಣ್ಣು ಕಾಣಲಿಲ್ಲ. ತಲೆಯಾಡಿಸಿ ಒಳಗೆ ಹೋದ.

ಮೆಟ್ಟಿಲ ತಿರುವಿನಲ್ಲಿ ಮಿಂಚು ನಿಂತಿದ್ದ. ಕಂಬದ ಹಾಗೆ ನಿಂತು ಎಡಗಡೆಯ ಬಾಗಿಲನ್ನು ಬೆನ್ನಿನಿಂದ ಒತ್ತಿಹಿಡಿದಿದ್ದ. ಅಪ್ಪ ಬಂದುದನ್ನು ನೋಡಿ ಅವನು ದೀಪದ ಕೋಲಿನಿಂದ ಅವರಿಗೆ ಬಲಕ್ಕೆ ದಾರಿ ತೋರಿಸಿದ.

ಬೆಂಕಿ ಸಂಜೆಯೊಳಗೆ ಆರಿತು. ದೋಣಿ ಇಳಿಸುವ ಪ್ರಸಂಗ ಬರಲಿಲ್ಲ. ತಂಡದವರು ಆ ಬರಿದಾದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದರು. ಒಳಗೆ ಯಾರೂ ಇರಲಿಲ್ಲ.

ಅದೇ ದೊಡ್ಡಕ್ಕನಿಗೆ ಮುಳುವಾಯಿತು.

ಬಂದರಿಗೆ ಬಂದ ಮೇಲೆ ಕಂಪನಿಯ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಉದ್ದ ಮೇಜು, ಗಾಜಿನ ಲೋಟಗಳಲ್ಲಿ ನೀರು, ಗೋಡೆಯ ಮೇಲೆ ಬಿಸಿಲಿನಲ್ಲಿ ಹೊಳೆಯುವ ಅದೇ ಹಡಗಿನ ದೊಡ್ಡ ಚಿತ್ರ. ಪ್ರಯಾಣಿಕರೆಲ್ಲ ಕ್ಷೇಮ ಎಂಬ ಪ್ರಕಟಣೆ ಆಗಲೇ ಹೊರಬಿದ್ದಿತ್ತು. ಉಳಿದದ್ದು ಎರಡು ಪ್ರಶ್ನೆ: ನಿಂತ ಜಾಗ ಬಿಟ್ಟಿದ್ದು ಯಾಕೆ, ನೋಡಿ ಮುಗಿಸಿದ ಕೋಣೆಗಳ ಗುರುತು ಕಿತ್ತಿದ್ದು ಯಾಕೆ. ಆಕೆ ಕಿತ್ತ ಪಟ್ಟಿಗಳಿಂದಾಗಿ ತಂಡದವರು ಖಾಲಿ ಓಣಿಯಲ್ಲಿ ಸಿಲಿಂಡರ್ ಮುಗಿಸಿದರು, ಬೆಂಕಿಯ ಹತ್ತಿರ ಹೋಗುವುದು ಅಷ್ಟರಮಟ್ಟಿಗೆ ತಡವಾಯಿತು. ಅದು ಸುಳ್ಳಲ್ಲ.

"ನಿಮ್ಮ ತಂದೆಯ ಕೋಣೆ ಬಿಟ್ಟು, ನೀವು ಪಟ್ಟಿ ಕಿತ್ತ ಉಳಿದ ಬಾಗಿಲುಗಳ ಹಿಂದೆ ಎಷ್ಟು ಜನ ಸಿಕ್ಕರು?" ಎಂದು ಸುರಕ್ಷತಾ ಅಧಿಕಾರಿ ಕೇಳಿದರು. ಕೆಟ್ಟ ಮನುಷ್ಯರಲ್ಲ. ಸುಸ್ತಾಗಿದ್ದರು.

"ಯಾರೂ ಇರಲಿಲ್ಲ ಸಾರ್."

"ಮತ್ತೆ?"

ದೊಡ್ಡಕ್ಕನಿಗೆ ಉತ್ತರ ಹೊಳೆದದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಯಾರೂ ಇಲ್ಲ ಅನ್ನೋದು ತೆಗೆದು ನೋಡಿದ ಮೇಲೆ ತಾನೇ ನಿಮಗೂ ಗೊತ್ತಾಗಿದ್ದು, ಎಂದು ಹೇಳಬೇಕಿತ್ತು. ತಂಗಿ ನಕ್ಕಳು. "ನಿನ್ನ ಬಾಯಿ ಯಾವಾಗಲೂ ಹೀಗೇ. ಬಸ್ಸು ಹೋದ ಮೇಲೆ ಕೈ ತೋರಿಸುತ್ತೆ."

ಅದೇ ಮೇಜಿನ ಮುಂದೆ ಮಿಂಚುವನ್ನೂ ಕೂರಿಸಿ ಕೇಳಿದ್ದರು. ಎಲ್ಲ ಬಾಗಿಲು ತೆಗೆದಿದ್ದೆಯಾ? ತೆಗೆದಿದ್ದೆ, ಎಂದ. ಹಾಗಾದರೆ ಆ ಮುದುಕರು? ಬಚ್ಚಲಿನಲ್ಲಿ ಇದ್ದಿರಬಹುದು ಸಾರ್, ನಾನು ಕರೆದೆ, ಹೊಗೆ ಇತ್ತು, ಎಂದ. ದೊಡ್ಡಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು. "ಇವನು ತೆಗೆದಿಲ್ಲ ಸಾರ್, ನಾವ್ಯಾರೂ ಡ್ರಿಲ್ಲಿನಲ್ಲಿ ತೆಗೆಯೋದಿಲ್ಲ," ಎಂದಳು. ಆ ಮಾತಿನ ಎರಡನೆಯ ಅರ್ಧವನ್ನು ಯಾರೂ ಬರೆದುಕೊಳ್ಳಲಿಲ್ಲ. ಅದನ್ನು ಬರೆದುಕೊಂಡರೆ ಹಡಗಿನ ಊಟದ ಮನೆಯ ಗೋಡೆಯ ಮೇಲಿನ ಫೋಟೊಗಳನ್ನೆಲ್ಲ ಇಳಿಸಬೇಕಾಗುತ್ತಿತ್ತು.

ಆಕೆಯನ್ನು ಮತ್ತೆ ಹಡಗಿಗೆ ಕರೆಯಲಿಲ್ಲ. ಈಗ ಬಂದರಿನ ಹಿಂದಿನ ಬೀದಿಯ ಹೋಟೆಲೊಂದರಲ್ಲಿ ಕೋಣೆ ಕೆಲಸ. ಹಾಸಿಗೆಯ ಮೂಲೆ ಅದೇ, ಟವಲಿನ ಗಾಡಿ ಅದೇ. ನೆಲ ಮಾತ್ರ ಅಲುಗಾಡುವುದಿಲ್ಲ.

ತಿಂಗಳುಗಳಾದ ಮೇಲೆ ಒಂದು ಮಧ್ಯಾಹ್ನ ಹಡಗು ಬಂದರಿನಲ್ಲಿದ್ದಾಗ ಮಿಂಚು ತಂಗಿಯ ಮನೆಗೆ ಬಂದ. ಬಾಗಿಲಲ್ಲೇ ನಿಂತ. ಒಳಗಿನಿಂದ ಅಪ್ಪನ ದನಿ ಬಂತು.

"ಯಾರದು? ಬಡಿದು ಓಡಿಹೋಗೋ ಆಸಾಮಿಯಾ? ಈ ಸಲ ಒಳಗೆ ಬಾ."

ಮಿಂಚುವಿನ ಮುಖ ಸುಟ್ಟಂತಾಯಿತು. ಬಂದು ಕುರ್ಚಿಯ ಅಂಚಿನಲ್ಲಿ ಕೂತ. ತಂಗಿ ಟೀ ತಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಕುಡಿಯಪ್ಪ," ಎಂದರು ಅಪ್ಪ. "ವಿಷ ಹಾಕಿಲ್ಲ. ಹಾಕೋಣ ಅಂತ ನನ್ನ ಚಿಕ್ಕ ಮಗಳು ಹೇಳಿದಳು. ನಾನೇ ಬೇಡ ಅಂದೆ."

"ಯಜಮಾನ್ರೇ, ನನಗೆ ಮಕ್ಕಳಿದಾರೆ," ಎಂದ ಮಿಂಚು. ಅವನಿಗೆ ಹೇಳಲು ಸಾಧ್ಯವಾದದ್ದು ಅಷ್ಟೇ. ವಿಚಾರಣೆಯ ಕೋಣೆಯ ಬಗ್ಗೆ ಆ ಮನೆಯಲ್ಲಿ ಅದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ. ಅಪ್ಪ ಟೀ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದರು. ಆಮೇಲೆ, "ಟೀ ಆರುತ್ತೆ," ಎಂದರು.

ಹೊರಡುವಾಗ ದೊಡ್ಡಕ್ಕ ಅವನ ಜೊತೆ ಬಂದರಿನ ಗೇಟಿನವರೆಗೆ ನಡೆದಳು. ಸಾಮಾನು ಲಾರಿಗಳು ಧೂಳೆಬ್ಬಿಸುತ್ತ ಹೋಗುತ್ತಿದ್ದವು.

"ಈಗ ನಾನು ಎಲ್ಲ ಬಾಗಿಲೂ ತೆಗೀತೀನಿ ಅಕ್ಕ," ಎಂದ ಅವನು. "ಡ್ರಿಲ್ಲಿನಲ್ಲೂ ತೆಗೀತೀನಿ. ಕಪಾಟೂ ನೋಡ್ತೀನಿ. ಮೊನ್ನೆ ಎಲ್ಲರಿಗಿಂತ ಕೊನೆಗೆ ಬಂದೆ. ನಗ್ತಾರೆ. ಮಿಂಚಿಗೆ ಫ್ಯೂಸ್ ಹೋಯ್ತು ಅಂತಾರೆ."

"ಮೇಲಿನವರು?"

"ಕರೆದು ಕೇಳಿದರು. ಮೈ ಸರಿ ಇಲ್ವಾ, ಮನೇಲಿ ಏನಾದ್ರೂ ತೊಂದರೆನಾ ಅಂತ. ಹೀಗೇ ಆದ್ರೆ ಮುಂದಿನ ಸಲ ಕರೆಯೋದು ಕಷ್ಟ ಅಂದರು."

"ಯಾಕೆ ತಡ ಆಯ್ತು ಅಂತ ಹೇಳಿದೆಯಾ?"

"ಹೇಳಿದೆ. ಒಳ್ಳೆಯದು, ಆದರೆ ಬೇಗ ಮಾಡು ಅಂದರು."

ಗೇಟಿನ ಮುಂದೆ ಪ್ರಯಾಣಿಕರ ಸಾಲು. ಚಕ್ರದ ಪೆಟ್ಟಿಗೆಗಳು, ಹೊಸ ಟೋಪಿಗಳು, ಆಗಲೇ ಬಿಸಿಲಿಗೆ ಬೆವೆತ ಮಕ್ಕಳು. ಅವರ ತಲೆಗಳ ಮೇಲೆ ಹಡಗು ಬೀದಿಯ ಕೊನೆಯನ್ನೆಲ್ಲ ಮುಚ್ಚಿಕೊಂಡು ನಿಂತಿತ್ತು. ಬೆಳ್ಳಗೆ ಬಣ್ಣ ಬಳಿದಿದ್ದರು. ಸಾಲಿನಲ್ಲಿ ನಡುವಯಸ್ಸಿನ ಮಗನೊಬ್ಬ ತಾಯಿಯ ಮೊಣಕೈ ಹಿಡಿದು ನಿಂತಿದ್ದ. ಆಕೆ ಎರಡು ಹೆಜ್ಜೆ ಇಟ್ಟರೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮಿಂಚುವಿನ ಸಮವಸ್ತ್ರ ನೋಡಿ ಮಗ ನಕ್ಕ.

"ನೀವು ಹಡಗಿನವರಲ್ವಾ? ಅಮ್ಮನಿಗೆ ಮೆಟ್ಟಿಲು ಆಗೋದಿಲ್ಲ. ಏನಾದ್ರೂ ಆದ್ರೆ ಕೋಣೆಗೆ ಬಂದು ಕರ್ಕೊಂಡು ಹೋಗ್ತೀರಂತೆ, ಹೌದಾ?"

ಮಿಂಚು ಅವನ ಕೈಯಲ್ಲಿದ್ದ ಕಾರ್ಡಿನಲ್ಲಿ ಕೋಣೆಯ ಅಂಕಿ ನೋಡಿದ. ಆಮೇಲೆ ದೊಡ್ಡಕ್ಕನನ್ನು ನೋಡಿದ.

"ನಿನ್ನ ಓಣಿಯಾ?" ಎಂದಳು ಆಕೆ, ಮೆಲ್ಲಗೆ.

"ಅಲ್ಲ ಅಕ್ಕ."

ಸಾಲು ಮುಂದೆ ಸರಿಯಿತು. ಉತ್ತರಕ್ಕೆ ಕಾಯುತ್ತ ಮಗ ಇನ್ನೂ ನಗುತ್ತಲೇ ಇದ್ದ. ದೊಡ್ಡಕ್ಕ ಮುಂದೆ ಹೋಗಿ ಆ ತಾಯಿಯ ಇನ್ನೊಂದು ಮೊಣಕೈ ಹಿಡಿದುಕೊಂಡಳು. "ಗಂಟೆ ಹೊಡೆದ ಕೂಡಲೇ ಬಾಗಿಲು ತೆಗೆದು ಓಣಿಗೆ ಬಂದುಬಿಡಿ ಅಮ್ಮ. ಒಳಗೆ ಕೂರಬೇಡಿ. ಯಾರು ಹೇಳಿದರೂ ಕೂರಬೇಡಿ. ಎಲ್ಲರ ಕಣ್ಣಿಗೆ ಬೀಳೋ ಹಾಗೆ ಹೊರಗೆ ನಿಂತ್ಕೊಳ್ಳಿ," ಎಂದಳು.

ತಾಯಿ ಗಾಬರಿಯಿಂದ ಮಗನ ಮುಖ ನೋಡಿದಳು. ಮಗನ ನಗು ಮಾಯವಾಯಿತು. "ಯಾರ್ರೀ ನೀವು? ವಯಸ್ಸಾದವರನ್ನ ಯಾಕೆ ಹೆದರಿಸ್ತೀರಾ?" ಎಂದು ಆಕೆಯ ಕೈ ಬಿಡಿಸಿ, ತಾಯಿಯನ್ನು ನಡೆಸಿಕೊಂಡು ಗೇಟಿನೊಳಗೆ ಹೋದ.